ಹಾಸು ಏಳುವ ತನಕ ಗಾಡಿ ಕಲ್ಲಿನಾಚೆ

ಯಾರ ಮನೆಯ ಮುಂದೆ ಕಾರು ನಿಂತಿದ್ದರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಚಕ್ರದ ಬುಡಕ್ಕೆ. ಜನ ಕಾರಿನ ಬಣ್ಣ ನೋಡುತ್ತಾರೆ, ಹೊಳಪು ನೋಡುತ್ತಾರೆ, ಒಳಗೆ ಕೂತವರ ಒಡವೆ ನೋಡುತ್ತಾರೆ. ನಾನು ಸೊಂಟ ಹಿಡಿದುಕೊಂಡು ಬಗ್ಗಿ, ಚಕ್ರಕ್ಕೆ ಏನಾದರೂ ಅಡ್ಡ ಇಟ್ಟಿದ್ದಾರೋ ಇಲ್ಲವೋ ನೋಡುತ್ತೇನೆ. ಮೊನ್ನೆ ಒಂದು ಮದುವೆ ಮನೆಯ ಮುಂದೆ ಹೀಗೆ ಬಗ್ಗಿದ್ದಾಗ ಕಾರಿನ ಯಜಮಾನ ಓಡಿ ಬಂದು, "ಅಜ್ಜಿ, ಏನಾದ್ರೂ ಬಿದ್ದೋಯ್ತಾ?" ಎಂದು ಕೇಳಿದ. "ಇಲ್ಲ ಮಗಾ, ನಿನ್ನ ಕಾರು ಉರುಳಿ ಹೋಗದೆ ಇರಲಿ ಅಂತ ನೋಡಿದೆ" ಎಂದೆ. ಅವನಿಗೆ ನಗು ಬಂತು. ಪಾಪ, ಒಳ್ಳೆಯ ಹುಡುಗ, ಬಾಗಿಲು ತೆಗೆದು ಒಂದೊಂದೇ ತೋರಿಸಿದ. ಹಿಂದಕ್ಕೆ ಹೋದರೆ ಪೀಂ ಪೀಂ ಅನ್ನುತ್ತದಂತೆ, ದಾರಿ ಹೇಳುತ್ತದಂತೆ, ಬೆಲ್ಟು ಹಾಕದಿದ್ದರೆ ಬೈಯುತ್ತದಂತೆ. ಎಲ್ಲಾ ಕೇಳಿಸಿಕೊಂಡು, "ಭಾಳ ಚೆಂದ. ಆದ್ರೂ ಒಂದು ಕಲ್ಲಿಡು" ಎಂದು ಹೇಳಿ ಊಟಕ್ಕೆ ಹೋದೆ.

ಈ ಚಾಳಿ ನನಗೆ ಅಂಟಿದ್ದು ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ. ಸ್ವಾತಂತ್ರ್ಯ ಬಂದ ಹೊಸತು. ಕೊಳ್ಳೇಗಾಲ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ನಮ್ಮ ಕಾಗದ ಪತ್ರಗಳು ಕೊಯಮತ್ತೂರಿಗೆ ಹೋಗುತ್ತಿದ್ದವು, ನಮ್ಮ ಹೆಣ್ಣುಮಕ್ಕಳು ಮೈಸೂರು ಸೀಮೆಗೆ ಹೋಗುತ್ತಿದ್ದರು. ಎರಡೂ ಒಂದು ಸಲ ಹೋದರೆ ತಿರುಗಿ ಬರುವುದು ಕಷ್ಟ ಎಂದು ಅಪ್ಪ ಹೇಳುತ್ತಿದ್ದರು.

ನಮ್ಮ ಬೀದಿಗೆ ಒಂದು ಕಾನೂನಿತ್ತು. ಅದನ್ನು ಹೇಳುವ ಮೊದಲು ಹಾಸು ಎಂದರೇನೆಂದು ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಎಳೆಗಳೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಆ ರೇಷ್ಮೆ ಎಳೆಗಳನ್ನೆಲ್ಲ ಬೀದಿಯುದ್ದಕ್ಕೂ ಚಾಚಿ, ಈ ತುದಿಗೊಂದು ಗೂಟ ಆ ತುದಿಗೊಂದು ಗೂಟ ನೆಟ್ಟು, ನಡುನಡುವೆ ಬಿದಿರಿನ ಕತ್ತರಿಗಾಲು ಕೊಟ್ಟು, ತೆಳುವಾದ ಅಕ್ಕಿಗಂಜಿ ಸವರಿ ಒಣಗಿಸಬೇಕು. ಒಬ್ಬರ ಮನೆಯೊಳಗೆ ಆಗುವ ಕೆಲಸವಲ್ಲ. ಅದಕ್ಕೇ ಬೀದಿ ಬೆಳಿಗ್ಗೆ ಹೊತ್ತು ಬೀದಿಯಾಗಿರುತ್ತಿರಲಿಲ್ಲ, ಎಲ್ಲರಿಗೂ ಸೇರಿದ ಒಂದು ಉದ್ದನೆಯ ಪಡಸಾಲೆಯಾಗಿರುತ್ತಿತ್ತು. ಮನೆಮನೆಗೂ ಸರದಿ. ಗಿಳಿಹಸಿರು, ಕುಂಕುಮಗೆಂಪು, ಈರುಳ್ಳಿ ಬಣ್ಣ, ದಿನಕ್ಕೊಂದು ಬಣ್ಣ ಬೀದಿಯ ತುಂಬ.

ಬೀದಿಯ ಮೇಲ್ಬಾಯಿಯಲ್ಲಿ ಒಂದು ಮೊಂಡು ಕಲ್ಲು. ಹಾಸು ಸುತ್ತಿ ಎದ್ದ ಮೇಲೆಯೇ ಯಾವ ಗಾಡಿಯಾದರೂ ಆ ಕಲ್ಲು ದಾಟಬೇಕು, ಇದೇ ಕಾನೂನು. ಬೆಲ್ಲದ ಗಾಡಿಯವನು ಎತ್ತು ಬಿಚ್ಚಿ ಅಲ್ಲೇ ಕಾಯುತ್ತಿದ್ದ. ಕೊಯಮತ್ತೂರಿನಿಂದ ಬಂದ ಸಾಹೇಬರೊಬ್ಬರು ಜೀಪನ್ನು ಅಲ್ಲೇ ಬಿಟ್ಟು, ಬೂಟು ಕೈಯಲ್ಲಿ ಹಿಡಿದು, ಹಾಸಿನ ಪಕ್ಕದಲ್ಲಿ ಬಳುಕುತ್ತಾ ನಡೆದು ಹೋಗಿದ್ದರು. ಹೆಣವಾದರೂ ಹಿಂದಿನ ಓಣಿ ಸುತ್ತಿಯೇ ಹೋಗಬೇಕಿತ್ತು. ಇನ್ನೊಂದು ಉಪಕಾನೂನೂ ಇತ್ತು. ಯಾರಿಂದ ಎಳೆ ಕಡಿಯಿತೋ ಅವರೇ ನಿಂತು ಕಟ್ಟಿ ಹೋಗಬೇಕು. ನಮ್ಮ ಬೀದಿಯ ಆಡುಗಳು ಮಾತ್ರ ಈ ಎರಡನ್ನೂ ಒಪ್ಪಿರಲಿಲ್ಲ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಪ್ಪನಿಗೆ ಈ ಲೋಕದಲ್ಲಿ ಮಗ್ಗ ಒಂದೇ ನಿಜ. ಮಿಕ್ಕ ವಸ್ತುಗಳೆಲ್ಲ ಮಗ್ಗಕ್ಕೆ ಬೇಕಾದಾಗ ಎತ್ತಿಕೊಳ್ಳಲು ದೇವರು ಅಲ್ಲಲ್ಲಿ ಇಟ್ಟ ಸಾಮಾನು. ಅವರದೊಂದು ಸೈಕಲ್ಲಿತ್ತು. ಅದರ ಚಕ್ರದ ಕಡ್ಡಿಗಳನ್ನು ಒಂದೊಂದೇ ಬಿಚ್ಚಿ ಕೊಕ್ಕೆ ಮಾಡಿಕೊಂಡರು, ಕೊನೆಗೆ ಸೈಕಲ್ಲು ಹತ್ತಿದರೆ ಚಕ್ರ ಚಪಾತಿಯ ಹಾಗೆ ಮಡಚಿಕೊಳ್ಳುತ್ತಿತ್ತು. ಅದರ ಬೆಲ್ಲಿನ ಬಟ್ಟಲು, ಎಳೆ ಹೊಸೆಯುವಾಗ ಬೆರಳಿಗೆ ಮುಟ್ಟಿಸುವ ಬೂದಿ ಹಾಕಿಡುವುದಕ್ಕಾಯಿತು. ಅವ್ವನ ಲಟ್ಟಣಿಗೆ ಕಳೆದುಹೋಗಿ ಮನೆಯೆಲ್ಲ ಜಾಲಾಡಿದ ಮೇಲೆ ಮಗ್ಗದ ಕೆಳಗೆ ಸಿಕ್ಕಿತ್ತು, ಎಳೆಗೆ ಭಾರವಾಗಿ ನೇತಾಡುತ್ತಾ. "ತಗಂಡಿದ್ದು ಯಾರು?" ಎಂದು ಅವ್ವ ಕೇಳಿದರೆ ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟು, "ಅದ್ಯಾರು ತಂದಿಟ್ರು ಇಲ್ಲಿ?" ಎನ್ನುತ್ತಿದ್ದರು. ಕಳ್ಳತನವಲ್ಲ, ಸುಳ್ಳೂ ಅಲ್ಲ. ಕೈ ಎತ್ತಿಕೊಂಡದ್ದು ತಲೆಗೆ ತಿಳಿಯುತ್ತಿರಲಿಲ್ಲ, ಅಷ್ಟೇ.

ಆ ವರ್ಷ ನನಗೆ ಗಂಡು ಹುಡುಕುತ್ತಿದ್ದರು. ನೋಡಿ ಹೋದವರು ಕಾಗದ ಬರೆಯುತ್ತೇವೆ ಎನ್ನುತ್ತಿದ್ದರು, ಬರೆಯುತ್ತಿರಲಿಲ್ಲ. ನಾನು ಚೆಲುವೆಯೇನಲ್ಲ, ಮೂಗು ಅಪ್ಪನದು, ಬಾಯಿ ಅವ್ವನದು, ಎರಡೂ ಸ್ವಲ್ಪ ದೊಡ್ಡವು. ಕೊನೆಗೆ ಎರಡು ಸಂಬಂಧ ಉಳಿದವು. ಒಂದು ಹನೂರಿನದು, ಎರಡನೇ ಮದುವೆ. ಆತನ ದೊಡ್ಡ ಮಗನಿಗೇ ಆಗಲೇ ದಟ್ಟವಾಗಿ ಮೀಸೆ ಬಂದಿತ್ತು. ಇನ್ನೊಂದು ಯಳಂದೂರಿನದು, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆತನ. ಹುಡುಗನಿಗೆ ತಂದೆಯಿಲ್ಲ, ಸೋದರಮಾವ ನಂಜಪ್ಪನವರೇ ಎಲ್ಲಾ. "ಯಳಂದೂರಿನೋರು ಒಪ್ಪಿದ್ರೆ ಸರಿ. ಇಲ್ದಿದ್ರೆ ಅನೂರಿಗೆ ಮಾತು ಕೊಟ್ಬುಡದೇಯ" ಎಂದು ಅವ್ವ ಒಲೆಯ ಮುಂದೆ ಕೂತು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದಿನಿಂದ ಹನೂರಿನ ಬಸ್ಸಿನ ಸದ್ದು ಕೇಳಿದರೆ ಕಿಟಕಿ ಮುಚ್ಚಿಬಿಡುತ್ತಿದ್ದೆ. ಪಾಪ, ಆ ಬಸ್ಸಿನದೇನೂ ತಪ್ಪಿಲ್ಲ.

ನಂಜಪ್ಪನವರಿಗೆ ಕಾರಿತ್ತು. ಗೂಡಿನ ವ್ಯಾಪಾರದಲ್ಲಿ ಕೈ ಹತ್ತಿ, ಮೈಸೂರಿನಲ್ಲಿ ಯಾರೋ ಓಡಿಸಿ ಸಾಕಾದ ಕಾರನ್ನು ಕೊಂಡು, ತಾವೇ ಓಡಿಸುತ್ತಿದ್ದರು. ಆ ಕಾರಿಗಿಂತ ಕಾರಿನ ಸಾಮಾನು ಹೆಚ್ಚು ಎಂದು ಯಳಂದೂರಿನಲ್ಲಿ ತಮಾಷೆ ಮಾಡುತ್ತಿದ್ದರಂತೆ. ಬಾಗಿಲ ಪಕ್ಕದಲ್ಲಿ ರಬ್ಬರ್ ಬುರುಡೆಯ ಹಾರನ್ನು, ಒತ್ತಿದರೆ ಎಮ್ಮೆಗರು ಕೂಗಿದಂತೆ. ಮುಂದುಗಡೆ ಗಾಜಿನ ಹೂದಾನಿ, ಅದಕ್ಕೆ ದಿನಾ ಕನಕಾಂಬರ. ಕಿಟಕಿಗಳಿಗೆ ಪರದೆ. ಇಂಜಿನ್ನು ಕುದಿದರೆ ಹುಯ್ಯಲು ನೀರಿನ ಡಬ್ಬ, ಡಬ್ಬಕ್ಕೆ ಕಸೂತಿಯ ಚೀಲ. ಇವೆಲ್ಲಕ್ಕೂ ಕಳಶವಿಟ್ಟಂತೆ ಒಂದು ಬೆಣೆ. ಕಾರಿನ ಕೈಬ್ರೇಕು ಹೆಸರಿಗೆ ಮಾತ್ರ ಇದ್ದದ್ದರಿಂದ, ನಿಲ್ಲಿಸಿದಲ್ಲೆಲ್ಲ ಚಕ್ರಕ್ಕೆ ಅಡ್ಡ ಕೊಡಲೇಬೇಕು. ಬೇರೆಯವರಾದರೆ ಕಲ್ಲಿಡುತ್ತಾರೆ. ನಂಜಪ್ಪನವರು ಬೀಟೆ ಮರದಲ್ಲಿ ಬೆಣೆ ಕೆತ್ತಿಸಿ, ಹಿತ್ತಾಳೆಯ ಪಟ್ಟಿ ಹೊಡೆಸಿ, ಎತ್ತಿಕೊಳ್ಳಲು ಹಿತ್ತಾಳೆಯ ಉಂಗುರ ಕೂರಿಸಿ, ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದರು.

ಹೆಣ್ಣು ನೋಡಲು ಬರುತ್ತೇವೆಂದು ಅವರು ಹೇಳಿ ಕಳಿಸಿದ ದಿನವೇ ನಮ್ಮ ಮನೆಯ ಹಾಸಿನ ಸರದಿ ಬಂತು. ಮೋಡದ ದೆಸೆಯಿಂದ ತಡವಾಗಿ ತಡವಾಗಿ ಬಂದ ಸರದಿ. ಅವ್ವ ಬೇಡವೆಂದಳು. ಅಪ್ಪ, "ಅವ್ರು ಬರೋದು ರಾಹುಕಾಲ ಕಳೆದ ಮ್ಯಾಕೆ. ಅಷ್ಟೊತ್ಗೆ ಹಾಸು ಎದ್ದಿರ್ತದೆ" ಎಂದು ಬೆಳಕು ಹರಿಯುವಾಗಲೇ ಗಿಳಿಹಸಿರು ಹಾಸು ಚಾಚಿಬಿಟ್ಟರು. ಕಾರಿನವರಿಗೆ ರಾಹುಕಾಲದ ಮೊದಲೇ ಬಂದು ಮುಟ್ಟಿಬಿಡುವ ದುರಭ್ಯಾಸ ಇರುತ್ತದೆಂದು ನಮಗೆ ಗೊತ್ತಿರಲಿಲ್ಲ.

ಎಮ್ಮೆಗರು ಕೂಗಿದಾಗ ನಾನು ತಲೆಗೆ ನೀರು ಹಾಕಿಕೊಂಡು, ಹಳೆಯ ನೂಲಿನ ಸೀರೆಯಲ್ಲಿ ಕೂದಲು ಹಿಂಡುತ್ತಿದ್ದೆ. ಕಿಟಕಿಯಿಂದ ನೋಡಿದರೆ ಕಾರು ಮೊಂಡು ಕಲ್ಲಿನ ಹತ್ತಿರ ಬಂದು ನಿಂತಿತ್ತು. ಎದುರು ಮನೆಯ ಸಣ್ಣಮ್ಮತ್ತೆ ಗಂಜಿಯ ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ ಓಡಿದಳು.

"ಗಾಡಿ ಅಲ್ಲೇ ನಿಲ್ಸಿ ಸಾ! ಹಾಸು ಎದ್ದ ಮ್ಯಾಕೆ ಒಳಕ್ ತಕಂಡೋಗೀರಂತೆ."

"ಇದ್ಯಾವ ರೂಲ್ಸಮ್ಮ? ನಿಮ್ಮ ಮದ್ರಾಸ್ ಸರ್ಕಾರದ್ದಾ? ನನ್ನ ಲೈಸೆನ್ಸು ಮೈಸೂರಿಂದು" ಎಂದರು ನಂಜಪ್ಪನವರು.

"ಸರ್ಕಾರದ್ದಲ್ಲ ಸಾ, ಬೀದೀದು."

"ಬೀದಿಗೂ ಒಂದು ಸರ್ಕಾರವಾ?" ಎಂದು ನಕ್ಕು, ಅವರು ಕಲ್ಲು ದಾಟಿಸಿ, ನಮ್ಮ ಬಾಗಿಲಿಗೆ ಸರಿಯಾಗಿ ಕಾರು ತಂದು ನಿಲ್ಲಿಸಿದರು. ಹೆಣ್ಣಿನ ಮನೆಯ ಬಾಗಿಲಿಗೆ ಕಾರು ಬಂದು ನಿಲ್ಲದಿದ್ದರೆ ಕಾರಿದ್ದೂ ಏನು ಪ್ರಯೋಜನ? ಅವರನ್ನು ನಾನು ಬೈಯಲಾರೆ. ನಮ್ಮ ಬೀದಿ ಕೆಳಕ್ಕೆ ಸಣ್ಣಗೆ ಇಳಿಜಾರು. ಕಾರಿನ ಮೂತಿ ಇಳಿಜಾರಿನ ಕಡೆಗೆ, ಅದರ ಮುಂದೆ ಕೊಂಚ ದೂರದಲ್ಲೇ ಹಾಸಿನ ಮೇಲ್ತುದಿಯ ಗೂಟ. ನಂಜಪ್ಪನವರು ಇಳಿದು, ಬೆಣೆಯನ್ನು ದೇವರ ಪೀಠದ ಹಾಗೆ ಎರಡು ಕೈಯಲ್ಲಿ ತಂದು, ಮುಂದಿನ ಚಕ್ರಕ್ಕೆ ಕೊಟ್ಟು, ಕಾಲಿನಿಂದ ಒಮ್ಮೆ ಒದ್ದು ನೋಡಿ ಒಳಗೆ ಬಂದರು. ಅವರ ಹಿಂದೆ ಹುಡುಗ. ಅವನು ಕಾರಿನ ಮುಂದೆ ಸುತ್ತಿ ಹಾಸಿನ ಪಕ್ಕದಲ್ಲಿ ಬರುವಾಗ ಪಂಚೆಯ ಅಂಚನ್ನು ಎತ್ತಿ ಹಿಡಿದುಕೊಂಡದ್ದನ್ನು ನಾನು ಕಿಟಕಿಯಿಂದ ಕಂಡೆ.

ಗಂಡಿನ ಕಡೆಯವರು ಚಾಪೆಯ ಮೇಲೆ ಕೂತರು. ಅಪ್ಪನೂ ಕೂತರು, ಆದರೆ ಅವರ ಕಣ್ಣು ಬಾಗಿಲಾಚೆಗಿತ್ತು. ಬಿಸಿಲು ಏರಿ ಗಂಜಿ ಬಲಿಯತೊಡಗಿತ್ತು. ಗಂಜಿ ಬಲಿತರೆ ಹಾಸು ಬಿಗಿಯುತ್ತದೆ, ಹಾಸು ಬಿಗಿದರೆ ಗೂಟ ಎಳೆಯುತ್ತದೆ. ಮಳೆಗೆ ಮಣ್ಣು ಸಡಿಲಾಗಿ ನಮ್ಮ ಗೂಟ ಗುಂಡಿಯೊಳಗೆ ಅಲ್ಲಾಡುತ್ತಿತ್ತು. ನಂಜಪ್ಪನವರು ಕಾರಿನ ಇಂಜಿನ್ನಿನ ಗುಣಗಾನ ಮಾಡುತ್ತಿದ್ದಾಗ ಅಪ್ಪ, "ಒಂದ್ ಗಳಿಗೆ ಬಂದೆ" ಎಂದು ಎದ್ದು ಹೋದರು. ಹೊರಗೆ ಠಕ್ ಠಕ್ ಎಂದು ಏನನ್ನೋ ಬಡಿಯುವ ಸದ್ದು. ಅಪ್ಪ ಕೈ ಒರೆಸಿಕೊಂಡು ಬಂದು, ಈ ಸಲ ನಿಜವಾಗಿಯೂ ನೆಮ್ಮದಿಯಾಗಿ ಕೂತು, "ಏನಂದ್ರಿ ಇಂಜಿನ್ನು?" ಎಂದರು.

ಕಾರು ತಕ್ಷಣ ಹೊರಡಲಿಲ್ಲ. ದೊಡ್ಡ ಮನುಷ್ಯರ ಹಾಗೆ ಕೊಂಚ ಹೊತ್ತು ಯೋಚಿಸಿತು. ಅವ್ವ ನನ್ನ ಜಡೆಗೆ ಕೈ ಹಾಕಿದ್ದಳು. ಆಗ ಬೀದಿಯಿಂದ ಸಣ್ಣಮ್ಮತ್ತೆಯ ಕೂಗು: "ಗಾಡಿ! ಗಾಡಿ ಓಯ್ತಾ ಅದೆ ಕಣ್ರಪ್ಪೋ!"

ಎಲ್ಲರೂ ಹೊರಗೆ ಓಡಿದರು. ಒಳಗೆ ಯಾರೂ ಇಲ್ಲದ ಕಾರು, ಕನಕಾಂಬರ ಅಲ್ಲಾಡಿಸುತ್ತಾ, ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಗೂಟದ ಪಕ್ಕದಲ್ಲಿ ಜಾರಿ, ಮಡ್‌ಗಾರ್ಡು ಹಾಸಿನ ಅಂಚಿಗೆ ತಗುಲಿ, ಒಂದು ಹಿಡಿಯಷ್ಟು ಎಳೆ ಪಟಪಟನೆ ಕಡಿದು, ಸಣ್ಣಮ್ಮತ್ತೆಯ ಜಗುಲಿಗೆ ಮೂತಿ ಕೊಟ್ಟು ನಿಂತಿತು. ಕಾರಿನ ಮುಂದಿನ ದೀಪದ ಗಾಜೊಂದು ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಗೂಟ ಮೊದಲಿನ ಹಾಗೇ ಸಡಿಲವಾಗಿದ್ದಿದ್ದರೆ ಇಡೀ ಹಾಸೇ ಕಿತ್ತು ಕಾರಿನ ಹಿಂದೆ ಹೋಗುತ್ತಿತ್ತು. ಗೂಟ ಮಾತ್ರ ಬಂಡೆಯಂತೆ ನಿಂತಿತ್ತು.

ಕಡಿದ ಎಳೆಗಳನ್ನು ಗಂಜಿ ಒಣಗುವ ಮೊದಲು ಕೂಡಿಸದಿದ್ದರೆ ಅವು ಪಕ್ಕದ ಎಳೆಗಳಿಗೆ ಅಂಟಿಕೊಂಡು ಗಂಟಾಗುತ್ತವೆ. ಹುಡುಗಿ ತಟ್ಟೆ ಹಿಡಿದು, ತಲೆ ತಗ್ಗಿಸಿ, ಕೇಳಿದರೆ ಮಾತ್ರ ಹೆಸರು ಹೇಳಬೇಕೆಂದು ಅವ್ವ ಕಲಿಸಿದ್ದೆಲ್ಲ ನನಗೆ ಮರೆತೇಹೋಯಿತು. ಬೂದಿಯ ಬಟ್ಟಲು ಹಿಡಿದು, ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಬೀದಿಗೆ ನುಗ್ಗಿದೆ. ಹಿಂದಿನಿಂದ ಅವ್ವ, "ಲೇ, ಸೀರೆನಾದ್ರೂ ಉಟ್ಕೊಳೇ!" ಎಂದು ಕೂಗಿದಳು. ಉಟ್ಟಿದ್ದೆ, ಆದರೆ ತೋರಿಸುವಂಥದ್ದಲ್ಲ.

ಎರಡು ತುದಿ ಹಿಡಿದು, ಬೆರಳಿಗೆ ಬೂದಿ ಮುಟ್ಟಿಸಿ ಹೊಸೆಯುವುದು. ಒಂದಾದ ಮೇಲೆ ಒಂದು. "ಕಡಿದೋರೇ ಕಟ್ಟಿ ಓಗ್ಬೇಕು!" ಎಂದು ಸಣ್ಣಮ್ಮತ್ತೆ ಜಗುಲಿಯಿಂದ ಕೂಗುತ್ತಿದ್ದಳು. ತಲೆ ಎತ್ತಿದರೆ ಹಾಸಿನ ಆಚೆ ಬದಿಯಲ್ಲಿ ಇನ್ನೊಂದು ಜೊತೆ ಕೈ ಅದೇ ಕೆಲಸ ಮಾಡುತ್ತಿತ್ತು. ನೂಲು ತೆಗೆಯುವ ಮನೆಯ ಕೈ, ತುದಿ ಹುಡುಕುವುದನ್ನು ಯಾರೂ ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ.

"ನಮ್ಮೂರಲ್ಲಿ ಬೂದಿ ಹಾಕಲ್ಲ" ಎಂದ ಹುಡುಗ.

"ಇಲ್ಲಿ ಹಾಕ್ತಾರೆ" ಎಂದೆ.

"ಸರಿ, ಇಲ್ಲಿ ಕೊಡಿ" ಎಂದು ಅವನೂ ಬೆರಳು ಅದ್ದಿದ.

ಅಷ್ಟರಲ್ಲಿ ನಂಜಪ್ಪನವರ ಗಂಟಲು ಏರಿತು. "ನನ್ನ ಬೆಣೆ ಎಲ್ಲಿ? ಕಾಲಲ್ಲಿ ಒದ್ದು ನೋಡಿ ಬಂದಿದ್ದೀನಿ ನಾನು! ಬೆಣೆ ಕದ್ದೋರು ಯಾರು?" ಬೀದಿಯವರೆಲ್ಲ ಹುಡುಕತೊಡಗಿದರು. ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಹುಡುಕುತ್ತಿದ್ದವರು ಅಪ್ಪ. ಮೋರಿಯಲ್ಲಿ ಕೋಲು ಆಡಿಸಿದರು, ಜಗುಲಿಯ ಕೆಳಗೆ ತಲೆ ತೂರಿಸಿದರು, "ಎಂಥಾ ಕಾಲ ಬಂತು, ನಮ್ಮ ಬೀದೀಲಿ ಕಳ್ತನ ಅಂದ್ರೇನು?" ಎಂದು ನೊಂದುಕೊಂಡರು.

ನಾನು ಹೊಸ ಎಳೆ ಹಿಡಿಯಲು ಗೂಟದ ಕಡೆಗೆ ತಿರುಗಿದೆ. ಗೂಟದ ಬುಡದಲ್ಲಿ, ಮಣ್ಣಿಗೂ ಮರಕ್ಕೂ ನಡುವೆ, ಬಿಸಿಲಿಗೆ ಮಿಣಮಿಣ ಹೊಳೆಯುತ್ತಿತ್ತು, ಹಿತ್ತಾಳೆಯ ಉಂಗುರ. ನನ್ನ ಕೈ ನಿಂತುಹೋಯಿತು. ಎದುರಿನ ಕೈಯೂ ನಿಂತಿತ್ತು. ಹುಡುಗ ಅದನ್ನು ನನಗಿಂತ ಮೊದಲೇ ನೋಡಿದ್ದ. ಅವನು ಉಂಗುರ ನೋಡಿದ, ಮೋರಿಯ ಹತ್ತಿರ ಬಗ್ಗಿದ್ದ ಅಪ್ಪನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಶಾಸ್ತ್ರ ನಮಗೆ ಆದದ್ದು ಹಾಗೆ. ನನಗೆ ನಾಚಿಕೆಯಾಗಲಿಲ್ಲ, ಭಯವಾಯಿತು. ಇವನು ಬಾಯಿ ಬಿಟ್ಟರೆ ಅಪ್ಪನ ಮಾನ ಹೋಯಿತು, ನಾನು ಹನೂರಿಗೆ ಹೋದೆ. ಅವನು ಬಾಯಿ ಬಿಡಲಿಲ್ಲ. ತುಟಿ ಕಚ್ಚಿ ಹಿಡಿದದ್ದು ನಗುವನ್ನೋ ಮಾತನ್ನೋ ತಿಳಿಯಲಿಲ್ಲ, ಮತ್ತೆ ಎಳೆ ಹೊಸೆಯತೊಡಗಿದ.

ಹುಡುಕುತ್ತಾ ಹುಡುಕುತ್ತಾ ಅಪ್ಪ ಗೂಟದ ಹತ್ತಿರ ಬಂದರು. ಉಂಗುರ ಕಂಡಿತು. ಕೈ ಮಾಡಿದ್ದು ತಲೆಗೆ ಆಗ ತಾನೆ ಮುಟ್ಟಿತ್ತು. ಅಪ್ಪ ಸುಳ್ಳು ಅರಿಯದವರು, ಬಚ್ಚಿಡುವುದು ಅವರಿಗೆ ಬರುತ್ತಿರಲಿಲ್ಲ. "ನಂಜಪ್ನೋರೇ..." ಎಂದು ಶುರುಮಾಡಿಯೇಬಿಟ್ಟರು.

"ಸೆಟ್ರೇ, ಬೂದಿ ಮುಗೀತು. ಒಸಿ ತಂದ್ಕೊಡ್ತೀರಾ, ಬೇಗ?" ಎಂದು ಹುಡುಗ ಅಪ್ಪನ ಮಾತಿಗೆ ಅಡ್ಡ ಬಂದ.

ಬಟ್ಟಲಿನ ತುಂಬ ಬೂದಿಯಿತ್ತು. ಅಪ್ಪ ಬಟ್ಟಲು ನೋಡಿದರು, ಹುಡುಗನನ್ನು ನೋಡಿದರು, ಏನೂ ತಿಳಿಯದೆ ಬೂದಿ ತರಲು ಒಳಗೆ ಹೋದರು.

ಬೀದಿಯ ಗಂಡಸರೆಲ್ಲ ಸೇರಿ ಕಾರನ್ನು ಹಿಂದಕ್ಕೆ ತಳ್ಳಿ ತಳ್ಳಿ ಕಲ್ಲಿನಾಚೆ ಬಿಟ್ಟರು. ಕಾನೂನು ಕೊನೆಗೂ ಜಾರಿಗೆ ಬಂತು. ನಂಜಪ್ಪನವರು ಬೆವರು ಒರೆಸಿಕೊಂಡು, "ಕಳ್ಳರ ಬೀದಿ. ಹೆಣ್ಣು ನೋಡಿದ್ರೆ ಬೀದೀಲಿ ನಿಂತವಳೆ. ಈ ಸಂಬಂಧ ನಮಗೆ ಬೇಡ. ಹತ್ತು, ಹೋಗಾನ" ಎಂದರು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಣ್ಣು ಮಂಜಾಗಿ ಎಳೆಗಳೆಲ್ಲ ಒಂದೇ ಹಸಿರಾದವು.

ಹುಡುಗ ತಲೆ ಎತ್ತದೆ, "ನೀವು ನಡೀರಿ ಮಾವ. ಕಡಿದೋರೇ ಕಟ್ಟಿ ಹೋಗಬೇಕಂತೆ ಈ ಬೀದೀಲಿ. ಕಾರು ನಮ್ದು. ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಬರ್ತೀನಿ" ಎಂದ. ನಂಜಪ್ಪನವರು ಹಾರನ್ನು ಒತ್ತಿದರು. ಇವನು ಕದಲಲಿಲ್ಲ. ಎಮ್ಮೆಗರು ಎರಡು ಸಲ ಕೂಗಿ ಯಳಂದೂರಿಗೆ ಹೋಯಿತು.

ಆಮೇಲೆ ನಾವಿಬ್ಬರೂ ಹೊಸೆಯುತ್ತಾ ಹೋದೆವು. ಎಳೆಗಳೆಲ್ಲ ಕೂಡಿದವು, ಗಂಜಿ ಒಣಗಿತು, ಹಾಸು ಸುತ್ತಿದರು. ಆ ಹಾಸಿನಲ್ಲಿ ನೇಯ್ದ ಸೀರೆಗಳೆಲ್ಲ ಎಲ್ಲಿಗೆ ಹೋದವೋ, ಯಾವ ಊರಿನ ಯಾವ ಹೆಣ್ಣುಮಕ್ಕಳು ಉಟ್ಟರೋ, ನಮಗೆ ಗೊತ್ತಾಗಲೇ ಇಲ್ಲ. ನೇಕಾರರ ಮನೆಯ ಸೀರೆ ನೇಕಾರರ ಮನೆಯಲ್ಲಿ ಉಳಿಯುವುದಿಲ್ಲ.

ಹಾಸು ಎದ್ದ ಮೇಲೆ ಹುಡುಗ ಗೂಟದ ಬುಡಕ್ಕೆ ಹೋಗಿ, ಉಂಗುರಕ್ಕೆ ಬೆರಳು ಕೊಟ್ಟು ಬೆಣೆ ಎಳೆದ. ಟವಲಿನಿಂದ ಮಣ್ಣು ಒರೆಸಿದ. ಅಪ್ಪ ಎದುರಿಗೆ ನಿಂತಿದ್ದರು, ತಪ್ಪು ಮಾಡಿದ ಕೈಗಳನ್ನು ಹಿಂದೆ ಕಟ್ಟಿಕೊಂಡು.

"ನಿಮ್ ಮಾವನೋರ್ಗೆ ಏನಂತ ಏಳ್ತೀರಿ?" ಎಂದು ಕೇಳಿದರು.

"ಏನೂ ಹೇಳಲ್ಲ. ಬೀದೀಲಿ ಸಿಕ್ತು ಅಂತ ಕೊಡ್ತೀನಿ."

"ಅದಾಗಕಿಲ್ಲ. ನನ್ನಿಂದ ಬೀದಿಗೆಲ್ಲ ಕಳ್ರು ಅನ್ನೋ ಎಸ್ರು ಬಂತು. ಅದನ್ನ ಇಲ್ಲಿ ಕೊಡಿ. ನಾಳೀಕೆ ನಾನೇ ಯಳಂದೂರ್ಗೆ ಬಂದು, ತಕಂಡೋನು ನಾನೇಯ ಅಂತ ಒಪ್ಕಂಡು ಕೊಟ್ಬುಡ್ತೀನಿ. ಬೋದ್ರೆ ಬೈಸ್ಕತೀನಿ."

ಹುಡುಗ ಬೆಣೆಯನ್ನು ಕೈಯಲ್ಲಿ ಒಮ್ಮೆ ತೂಗಿ ನೋಡಿದ. ಆಮೇಲೆ ಅದನ್ನು ಅಪ್ಪನ ಕೈಗೆ ಕೊಟ್ಟು, ನೆಲ ನೋಡುತ್ತಾ ಹೇಳಿದ: "ಬರೋದಾದ್ರೆ ಬೆಣೆ ಒಂದನ್ನೇ ತಕಂಡು ಬರಬೇಡಿ. ಎಲೆ ಅಡಿಕೇನೂ ತಕಂಡು ಬನ್ನಿ."

ಅಪ್ಪನ ತಲೆ ಇನ್ನೂ ಬೆಣೆಯಲ್ಲೇ ಇತ್ತು. "ಅದಕ್ಕೇನಂತೆ, ತರ್ತೀನಿ. ಯಾಕೆ, ಮಾವನೋರು ಎಲೆ ಆಕ್ತಾರಾ?" ಎಂದರು.

ಬಾಗಿಲ ಹಿಂದಿನಿಂದ ಅವ್ವ, ಅಳುತ್ತಲೂ ನಗುತ್ತಲೂ, ಹೊರಗಿನವರ ಮುಂದೆ ಎಂದೂ ಬಾರದವಳು, ಬೀದಿಗೇ ಬಂದುಬಿಟ್ಟಳು. "ಮಗಳನ್ನ ಕೇಳ್ತಾ ಅವ್ರೆ ಕಣ್ರೀ!"